ಟೊಮೆಟೊ ಸುಟ್ಟ ಚಳಿ

೧೮ ಡಿಸೆಂಬರ್ ೧೯೮೫, ಬುಧವಾರ

ಇವತ್ತೂ ಅದೇ. ಸಂಜೆ ಟೊಮೆಟೊ ಸಾಲಿಗೆ ಗೋಣಿ ಹೊದಿಸುವುದು, ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ತೆಗೆಯುವುದು. ರಿಯಾದಿನಲ್ಲಿ ಪೈಪಿನ ಬಾಯಲ್ಲೇ ನೀರು ಗಟ್ಟಿಯಾಗುತ್ತದೆ ಎಂದರೆ ಊರಿನವರು ನಗುತ್ತಾರೆ. ಪೇಟೆಯಿಂದ ದೂರದ ಬಯಲು. ಗಾಳಿ ತಡೆಯಲು ಒಂದು ಗೋಡೆಯಿಲ್ಲ. ಬಂದದ್ದು ಪಂಪ್ ಮೆಕ್ಯಾನಿಕ್ ವೀಸಾದಲ್ಲಿ. ಈಗ ತೋಟದ ಆಳು.

ಜೊತೆಗೆ ಮೊಯಿದಿನಬ್ಬ ಬ್ಯಾರಿ, ಉಪ್ಪಿನಂಗಡಿಯವರು. ಐವತ್ತು ದಾಟಿದೆ, ಮೊಣಕಾಲು ಸರಿಯಿಲ್ಲ. ಆದರೂ ಒಂದೊಂದು ಬುಡಕ್ಕೂ ಒಣಹುಲ್ಲು ಒತ್ತುತ್ತಾರೆ. ಫೆಬ್ರವರಿಯಲ್ಲಿ ಮಗಳು ನಫೀಸತಳ ನಿಕಾಹ್. ಟೊಮೆಟೊ ಕೊಯ್ದು ಮುಗಿದರೆ ಇಬ್ಬರಿಗೂ ರಜೆ ಎಂದಿದ್ದಾರೆ ಕಫೀಲ್, ವೀಸಾ ಕೊಟ್ಟ ತೋಟದ ಧಣಿ. ಹೆಂಡತಿ ಸ್ವರ್ಣಲತಾ ಹೆತ್ತದ್ದು ನಾನು ಇಲ್ಲಿಗೆ ಬಂದ ಮೇಲೆ. ಮಗುವನ್ನು ನೋಡಿದ್ದು ಫೋಟೊದಲ್ಲಿ ಮಾತ್ರ.

೨೩ ಡಿಸೆಂಬರ್

ಗೋಣಿ ಸಾಲದು. ಕಫೀಲ್ ಪ್ಲಾಸ್ಟಿಕ್ ತಂದುಹಾಕಿದರು. ಕಂಬಿ ಬಗ್ಗಿಸಿ ಕಮಾನು ಮಾಡಿ ಹೊದಿಸಿದೆವು. ಬೋರ್‌ವೆಲ್ ನೀರು ಬೆಚ್ಚಗಿರುತ್ತದೆ. ಸುಬಹಿ ನಮಾಜಿಗೆ ಮೊದಲೇ, ನಸುಕಿನಲ್ಲಿ, ಪಂಪ್ ಹಾಕಿ ಸಾಲಿಗೆ ಬಿಟ್ಟೆ. ಗಿಡ ಬದುಕಿತು. ಕೈ ಒಡೆದಿದೆ. ಪೆನ್ನು ಹಿಡಿಯುವುದೂ ಕಷ್ಟ…

೨ ಜನವರಿ ೧೯೮೬

ಹೋಯಿತು.

ನಿನ್ನೆ ಗಾಳಿ ನಿಂತಿತ್ತು, ಆಕಾಶ ಚೊಕ್ಕ. ಅದೇ ಕೆಟ್ಟದ್ದು, ಅಂಥ ರಾತ್ರಿಯೇ ಹಿಮ ಕೂರುವುದು. ಎಲ್ಲ ಮುಚ್ಚಿದ್ದೆವು, ನೀರೂ ಬಿಟ್ಟಿದ್ದೆವು. ಬೆಳಿಗ್ಗೆ ಪ್ಲಾಸ್ಟಿಕ್ ಎತ್ತಿದರೆ ಎಲೆಯ ಮೇಲೆ ಉಪ್ಪು ಎರಚಿದ ಹಾಗೆ. ಬಿಸಿಲೇರಿದಂತೆ ಕಪ್ಪಾಯಿತು, ಬೇಯಿಸಿದ ಸೊಪ್ಪಿನ ವಾಸನೆ. ಕೋಸು, ಕ್ಯಾರೆಟ್ ಉಳಿದಿವೆ. ಮೊಯಿದಿನಬ್ಬ ಬ್ಯಾರಿಗಳು ಬದುವಿನ ಮೇಲೆ ಕುಳಿತವರು ಊಟಕ್ಕೂ ಏಳಲಿಲ್ಲ.

೩ ಜನವರಿ, ಶುಕ್ರವಾರ

ಜುಮಾ ನಮಾಜು ಮುಗಿಸಿ ಕಫೀಲ್ ಬಂದರು. ಬೈಯಲಿಲ್ಲ. ಸಾಲಿನ ತುದಿಯವರೆಗೆ ನಡೆದು ಹಿಂದೆ ಬಂದರು. ಕೋಸಿಗೂ ಕ್ಯಾರೆಟ್‌ಗೂ ಒಬ್ಬ ಸಾಕಂತೆ. ಒಬ್ಬ ಈಗಲೇ ಊರಿಗೆ ಹೋಗಬಹುದು, ಇನ್ನೊಬ್ಬ ಬರುವ ಚಳಿಗಾಲ ಕಳೆದ ಮೇಲೆ. ಯಾರು ಅಂತ ನೀವೇ ಹೇಳಿ ಎಂದು ಹೋದರು.

ಬ್ಯಾರಿಗಳು ಗಂಜಿ ಮಾಡಿದರು. ಉಂಡು ಮಲಗಿದೆವು.

೫ ಜನವರಿ

ನಿನ್ನೆಯೆಲ್ಲ ಪಂಪ್ ಬಿಚ್ಚಿ ಜೋಡಿಸಿದೆ. ಅದಕ್ಕೆ ಏನೂ ಆಗಿರಲಿಲ್ಲ. ಅವರ ಮುಖ ನೋಡುವುದು ಬೇಡವಾಗಿತ್ತು, ಅಷ್ಟೆ.

ಬೆಳಿಗ್ಗೆ ಕೋಸಿನ ಸಾಲಿನಲ್ಲಿ ಅವರೇ ಶುರುಮಾಡಿದರು. "ಅಣ್ಣು, ನೀನು ಹೋಗು ಮಾರಾಯ. ನನ್ನ ಮಗಳಿಗೆ ಅಣ್ಣಂದಿರು ಉಂಟು. ನಿನ್ನ ಮಗುವಿಗೆ ಅಪ್ಪನ ಮುಖ ಗೊತ್ತಿಲ್ಲ."

ಆಯ್ತು ಅನ್ನಬಹುದಿತ್ತು. ಬಾಯಿ ತೆರೆದೂ ಆಗಿತ್ತು. ಅವರು ನನ್ನನ್ನು ನೋಡುತ್ತಿರಲಿಲ್ಲ. ಆಗಲೇ ಮಣ್ಣು ಏರಿಸಿದ ಬುಡಕ್ಕೆ ಮತ್ತೆ ಮತ್ತೆ ಏರಿಸುತ್ತಿದ್ದರು.

"ನಿಕಾಹ್ ಮಾಡಿಕೊಡ್ಲಿಕ್ಕೆ ಬಾಪ ಬೇಕು, ಬ್ಯಾರ್ರೇ. ನನ್ನ ಮಗು ಸಣ್ಣದು. ತಾನು ಕಾಯ್ತಾ ಇದ್ದೇನೆ ಅಂತಲೂ ಅದಕ್ಕೆ ಗೊತ್ತಿಲ್ಲ."

ಅವರು ಮುಂಡಾಸಿನ ತುದಿಯಿಂದ ಮೂಗು ಒರೆಸಿಕೊಂಡರು.

ಕಫೀಲ್‌ಗೆ ಬ್ಯಾರಿಗಳ ಹೆಸರು ಹೇಳಿ ಬಂದೆ. ಹೇಳಿದ ಮೇಲೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಅವರು ಹಾಡು ಗುನುಗಿದ್ದಕ್ಕೂ ಸಿಟ್ಟು ಬಂತು.

೧೯ ಜನವರಿ

ಬ್ಯಾರಿಗಳು ಹೋದರು. ಪಿಕಪ್ಪಿಗೆ ನಾನೇ ಎತ್ತಿ ಕೂರಿಸಿದೆ. ಸ್ವರ್ಣಲತಾಳ ಮನೆಗೆ ಹೋಗಿ ಮಗುವನ್ನು ನೋಡಿ ಬರುತ್ತಾರಂತೆ. ಕೈ ಬಿಡಲಿಲ್ಲ. ಡ್ರೈವರ್ ಎರಡು ಸಲ ಯಲ್ಲಾ, ಹೊರಡಿ ಅಂದ ಮೇಲೆ ಬಿಟ್ಟರು.

೨೨ ಜನವರಿ, ಸಂಜೆ

ಮತ್ತೆ ಗಾಳಿ ನಿಂತಿದೆ. ಕೋಸು ತಡೆದುಕೊಳ್ಳುತ್ತದೆ. ಆದರೂ ನಂಬಿಕೆಯಿಲ್ಲ. ಒಬ್ಬನೇ ಪ್ಲಾಸ್ಟಿಕ್ ಎಳೆದರೆ ಒಂದು ತುದಿ ಮುಚ್ಚುವಷ್ಟರಲ್ಲಿ ಇನ್ನೊಂದು ತೆರೆದುಕೊಳ್ಳುತ್ತದೆ. ಅರ್ಧ ಆಯಿತು, ಸಾಕಾಗಿ ಕೂತೆ.

ಕಫೀಲ್ ಬಂದರು. ಪಕ್ಕದಲ್ಲೇ ಮಣ್ಣಿನ ಮೇಲೆ ಕೂತು ಮಗುವಿನ ಹೆಸರೇನು ಎಂದು ಕೇಳಿದರು. ಇಷ್ಟು ದಿನ ಕೇಳಿರಲಿಲ್ಲ. ಹೇಳಲು ಹೊರಟೆ. ಹೇಳದೆ ಜೇಬಿನ ಫೋಟೊ ತೆಗೆದು ಅವರ ಕೈಗೆ ಕೊಟ್ಟೆ.