ಅಳತೆ ಚೀಟಿಯ ಅಕ್ಷರ

ಅಮ್ಮಾ,

ಹಾಲು ಕಾಯಿಸಿಟ್ಟಿದ್ದೀನಿ.

ಚೆನ್ನಾಗಿ ಯೋಚಿಸೋದು ಕಲಿಸುತ್ತೆ ಅಂತ ಅಪ್ಪನಿಗೆ ತಂದುಕೊಟ್ಟಿದ್ದೆನಲ್ಲ, ಆ ಪುಸ್ತಕ ಈಗ ತೆಗೆದೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಈ ಲೇಖಕ ಒಬ್ಬನ ಅಳತೆ ತಗೊಂಡು ಊರಿಗೆಲ್ಲ ಅಂಗಿ ಹೊಲಿದಿದಾನೆ." ಅದೇ ಪುಟದಲ್ಲಿ ಗುರುತಿಗೆ ನಿನ್ನ ಗಿರಾಕಿಯ ಕೋಟಿನ ಅಳತೆ ಚೀಟಿ. ಎರಡರಲ್ಲೂ ಒಂದೇ ಅಕ್ಷರ, ನಿನ್ನದು!

ಮೂರು ವರ್ಷದಿಂದ ಪುಸ್ತಕಗಳ ಅಂಚಿನ ಇಂಥ ಮಾತೆಲ್ಲ ಅಪ್ಪಂದೇ ಅಂತ ನನ್ನ ಕ್ಲಾಸಿನ ಮಕ್ಕಳಿಗೆ ಹೇಳ್ಕೊಂಡು ಬಂದಿದ್ದೀನಲ್ಲೇ! ನಾನು ಹೊಗಳಿದಾಗೆಲ್ಲ ಆ ಮಹಾನುಭಾವರು ಊಟ ಮಾಡ್ತಾ ತಲೆ ಆಡಿಸಿದ್ರು. ನೀನಾದ್ರೂ ಬಾಯಿ ಬಿಡಬಾರದಿತ್ತಾ?

ಹೊಸ ಪುಸ್ತಕ ನಿನ್ನ ಹೊಲಿಗೆ ಮಿಷನ್ ಮೇಲಿದೆ. ಅಪ್ಪ ಕೇಳಿದ್ರೆ ಕೊಡಬೇಡ.

ಪಕ್ಕದಲ್ಲಿ ನನ್ನ ಅಂಗಿನೂ ಇಟ್ಟಿದ್ದೆ, ವಾಪಸ್ ತಗೊಂಡೆ. ಗುಂಡಿ ನಾನೇ ಹಾಕ್ಕೊಂಡಿದ್ದೀನಿ, ಸೊಟ್ಟಗಿದೆ. ಇಷ್ಟು ವರ್ಷ ಅಪ್ಪನ ಕೈಗೆ ಪುಸ್ತಕ ಕೊಟ್ಟೆ, ನಿನ್ನ ಕೈಗೆ ಬರೀ ಗುಂಡಿ ಕಿತ್ತ ಅಂಗಿ.