ಮಾವನ ಎದೆ ಒತ್ತಿದ ಸೊಸೆ

ಗೆಳತಿ ಭೀಮಬಾಯಿಯ ಕೋಣೆ,
ಖೂಬಾ ಪ್ಲಾಟ್, ಕಲಬುರಗಿ
೯ ಮಾರ್ಚ್ ೧೯೯೮

ನಮ್ಮ ಮನೆಯವರಿಗೆ ಶೇವಂತಾ ಮಾಡುವ ನಮಸ್ಕಾರಗಳು.

ಅತ್ತೆಯವರ ಕಾಲಿಗೆ ಬಿದ್ದು, ನರ್ಸ್ ಕೆಲಸ ಬಿಟ್ಟು ಕಮಲಾಪುರಕ್ಕೆ ಬಾ, ಇಲ್ಲವಾದರೆ ತವರಿಗೇ ಹೋಗು ಎಂದು ಹೇಳಿ ಕಳಿಸಿದ್ದೀರಿ. ಭೇಷ್ ರೀ! ಮಾವನವರು ಬಿದ್ದ ದಿನ ನೀವು ಬೀದರ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಿರಿ. ಕೇಳಿದ್ದು ಅತ್ತೆಯವರ ಮಾತು ಮಾತ್ರ. ನನ್ನದೂ ಒಮ್ಮೆ ಕೇಳಿ.

ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯಲ್ಲಿ ನಿಮ್ಮ ತಂಗಿಯ ನಿಶ್ಚಯಕ್ಕೆ ಸೀರೆ ನೋಡುತ್ತಿದ್ದೆವು. ಮಾವನವರು ಎದೆ ಹಿಡಿದುಕೊಂಡು ನೆಲಕ್ಕೆ ಉರುಳಿದರು. ಕುತ್ತಿಗೆಯ ನಾಡಿ ಮುಟ್ಟಿ ನೋಡಿದೆ, ಇರಲಿಲ್ಲ. ಉಸಿರೂ ಇಲ್ಲ. ಅತ್ತೆಯವರು "ಹೊಂಟ್ರಲ್ಲೋ, ಬಾಯಾಗ ನೀರರ ಬಿಡ್ರೋ" ಎನ್ನುತ್ತ ಅಂಗಡಿಯವನ ತಂಬಿಗೆ ಕಸಿದುಕೊಂಡು ಬಂದರು. ಸಾಯುವವರ ಬಾಯಿಗೆ ನೀರು ಬಿಡುವ ಪದ್ಧತಿ ನನಗೆ ಗೊತ್ತಿಲ್ಲವೇ? ಆದರೆ ಆ ನೀರು ಶ್ವಾಸನಾಳಕ್ಕೆ ಇಳಿದಿದ್ದರೆ ಮುಗಿದೇ ಹೋಗುತ್ತಿತ್ತು. ತಂಬಿಗೆ ತಳ್ಳಿದೆ. ಹರಡಿದ ಸೀರೆಗಳೆಲ್ಲ ತೊಯ್ದವು.

ಹೌದು, ಮಾವನವರ ಎದುರು ತಲೆಯ ಸೆರಗು ಎಂದೂ ತೆಗೆದವಳಲ್ಲ ನಾನು. ಅಂದು ಅದನ್ನು ಸೊಂಟಕ್ಕೆ ಸಿಕ್ಕಿಸಿ, ಅವರ ಎದೆಯ ಮೇಲೆ ಬಾಗಿ ಎರಡೂ ಕೈಯಿಂದ ಒತ್ತಿದೆ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟೆ. ಮಂದಿ ಕಣ್ಣು ಬಿಟ್ಟುಕೊಂಡು ನೋಡಿದರೇ ಹೊರತು ಯಾರೂ ಕೈ ಹಚ್ಚಲಿಲ್ಲ. ಕಡೆಗೆ ಲಾಲ್ ಅಹ್ಮದ್ ಎಂಬ ಟೆಂಪೋದವನು "ನನ್ನ ಗಾಡ್ಯಾಗ ಹಾಕ್ರಿ ಅಕ್ಕಾ" ಎಂದು ಓಡಿ ಬಂದ. ಆಸ್ಪತ್ರೆ ಮುಟ್ಟುವವರೆಗೂ ಒತ್ತುತ್ತಲೇ ಇದ್ದೆ. ಅಲ್ಲಿ ಕರೆಂಟ್ ಶಾಕ್ ಕೊಟ್ಟ ಮೇಲೆ ಹೃದಯ ಮತ್ತೆ ಬಡಿಯಿತು.

ಈಗ ಅತ್ತೆಯವರ ತಕರಾರು ನೋಡಿ. ಬಜಾರದಲ್ಲಿ ಮರ್ಯಾದೆ ಕಳೆದಳಂತೆ, ಬಾಯಿಗೆ ನೀರು ತಪ್ಪಿಸಿದಳಂತೆ, ಪಕ್ಕೆಲುಬು ಮುರಿದಳಂತೆ. ಮುರಿಯಿತು ರೀ! ಜೋರಾಗಿ ಒತ್ತದಿದ್ದರೆ ಮಿದುಳಿಗೆ ರಕ್ತ ಹೋಗುವುದು ಹೇಗೆ? ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ. ಹಣೆಯ ಕುಂಕುಮ ಉಳಿದದ್ದು ಹೇಗೆಂದು ಅವರು ಕನ್ನಡಿಯಲ್ಲಾದರೂ ನೋಡಿಕೊಳ್ಳಬಾರದೇ?

ಕೆಲಸ ಬಿಡುವುದಿಲ್ಲ. ಕಾಲಿಗೂ ಬೀಳುವುದಿಲ್ಲ. ನಿಮ್ಮನ್ನು ಬಿಟ್ಟಿರುವುದೂ ಆಗುತ್ತಿಲ್ಲ, ಅದಕ್ಕೇ ಇಷ್ಟು ಸಿಟ್ಟು.

ಇಂತಿ ನಿಮ್ಮ
ಶೇವಂತಾ

ತಾ.ಕ.: ಈ ಪತ್ರ ತರುತ್ತಿರುವವರು ಮಾವನವರೇ. ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಬಂದವರು, ನನ್ನ ಬಾಗಿಲಲ್ಲಿ ನಿಂತು ಅತ್ತರು. "ನೀ ಇರಲಿಲ್ಲಂದ್ರ ನಾ ಮಣ್ಣಾಗಿ ಹೋಗ್ತಿದ್ದೆವ್ವಾ" ಎಂದರು. ಇದನ್ನೇ ಅತ್ತೆಯವರ ಮುಂದೆ ಹೇಳಿ ಎಂದೆ. "ಅಕಿ ಮುಂದ ನನಗ ಬಾಯೇ ಬರಂಗಿಲ್ಲ" ಎಂದು ತಲೆ ತಗ್ಗಿಸಿದರು. ನೀವು ಓದಿದ ಮೇಲೆ ಪತ್ರವನ್ನು ಅವರ ಕೈಗೇ ಕೊಟ್ಟು, ಅತ್ತೆಯವರ ಎದುರಿಗೆ ಗಟ್ಟಿಯಾಗಿ ಓದಿಸಿ. ಮಾವನವರು ಈ ಸಾಲಿನವರೆಗೂ ಓದಿದರೆ ಬಂದು ನನ್ನನ್ನು ಕರೆದುಕೊಂಡು ಹೋಗಿ.