ಬುಟ್ಟಿ ಇಳಿಸುವ ಕಟ್ಟೆ

ಅಹಮದಾಬಾದ್, ಸೋಮವಾರ

ಚಂದನಾಳ ಅಪ್ಪಯ್ಯನಿಗೆ ಜಲಜ ಬರೆಯುವುದು.

ಹ್ವಾಯ್, ಫೋನಿನಲ್ಲಿ ಹೇಳಿದರೆ ನಿಮ್ಮ ಕಿವಿಗೆ ಅರ್ಧವೂ ಬೀಳುವುದಿಲ್ಲ, ಅದಕ್ಕೇ ಈ ಕಾರ್ಡು. ಮಗಳು ತಾನು ನಕ್ಷೆ ಮಾಡಿದ ಸರ್ಕಾರಿ ಮನೆಗಳನ್ನು ನಿನ್ನೆ ತೋರಿಸಿದಳು. ನಾಲ್ಕು ಮಾಳಿಗೆ, ಎಲ್ಲ ದುಡಿದು ತಿನ್ನುವವರ ಸಂಸಾರ. ಮೆಟ್ಟಿಲು ತಿರುಗುವಲ್ಲೆಲ್ಲ ಗೋಡೆಗೆ ತಾಗಿ ಒಂದೊಂದು ಎತ್ತರದ ಕಟ್ಟೆ. ತರಕಾರಿ ಮಾರುವವಳೊಬ್ಬಳು ಹತ್ತಿ ಬಂದವಳೇ, ಯಾರನ್ನೂ ಕರೆಯದೆ, ಬೆನ್ನು ಬಗ್ಗಿಸದೆ, ತಲೆಯ ಬುಟ್ಟಿಯನ್ನು ಹಾಗೇ ಅದರ ಮೇಲೆ ಜಾರಿಸಿ ಉಸಿರು ಬಿಟ್ಟಳು. ನಮ್ಮೂರು ತೆಕ್ಕಟ್ಟೆಯಲ್ಲಿ ನಾನು ಮೀನಿನ ಬುಟ್ಟಿ ಹೊತ್ತು, "ಇಳ್ಸುಕೆ ಒಂದ್ ಕೈ ಕೊಡಿ ಮರ್ರೆ" ಎಂದು ಮನೆ ಮನೆಯ ಮುಂದೆ ನಿಲ್ಲುತ್ತಿದ್ದದ್ದು ನೆನಪಾಯಿತು.

ಈ ಕಟ್ಟೆ ದಂಡ, ನಕ್ಷೆಯಿಂದ ತೆಗೆದುಬಿಡು ಎಂದು ಮೇಲಿನವರು ಎಷ್ಟು ಹೇಳಿದರೂ ಇವಳು ಬಿಡಲಿಲ್ಲವಂತೆ. ಹಟ ನಿಮ್ಮದೇ. ಪಕ್ಕದಲ್ಲಿ ನಿಂತು ಕಂಡರೆ ಸರಿಯಾಗಿ ನನ್ನ ಭುಜದ ಎತ್ತರ! "ಇದ್ ಎಂತ ಮಗಾ?" ಎಂದರೆ ಬರೀ ನಗುತ್ತಾಳೆ.

ನನ್ನ ಮಂಡಿನೋವು ಕಡಿಮೆಯಾಗಿದೆ. ನೀವು ಬಿಪಿ ಮಾತ್ರೆ ತಪ್ಪಿಸಬೇಡಿ.

ಕಾರ್ಡಿನಲ್ಲಿ ಜಾಗ ಮುಗಿಯಿತು, ಒಂದೇ ಮಾತು. ಮುಂದಿನ ವಾರ ಮನೆಗೆ ಪೇಂಟಿನವರು ಬರುತ್ತಾರಲ್ಲ? ಹಿಂದೊಮ್ಮೆ ರಜೆಗೆ ಬಂದಿದ್ದಾಗ ಚಂದನಾ ನನ್ನನ್ನು ಅಡುಗೆಮನೆ ಗೋಡೆಗೆ ಒರಗಿಸಿ ನಿಲ್ಲಿಸಿ, ಭುಜದ ಹತ್ತಿರ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಗೋಡೆ ಹಾಳಾಯಿತೆಂದು ನೀವು ಕೂಗಾಡಿದ್ದಿರಿ. ಆ ಗೆರೆಯ ಮೇಲೆ ಪೇಂಟು ಬೀಳದ ಹಾಗೆ ಅಲ್ಲೇ ನಿಂತು ನೋಡಿಕೊಳ್ಳಿ.